ಹಸಿರು ಮೇಜಿನ ಹತ್ತಿರ ಹೋದವರು: ಚಿತ್ರಾ ಮಗಿಮೈರಾಜ್ ಮತ್ತು ಬೆಂಗಳೂರಿನ ಕ್ಯೂ ಆಟಗಾರ್ತಿಯರು

ವಿಡಿಯೋ ನೋಡೋಕೆ ಪುರುಸೊತ್ತಿಲ್ಲ, ಲೋಕಲ್‌ನಲ್ಲಿ ನಿಂತ್ಕೊಂಡೇ ಓದ್ತೀವಿ ಅನ್ನೋರಿಗಾಗಿ ಎಂದಿನಂತೆ ಈ ವಾರದ ಮಾತಿನ ಬರಹ ರೂಪ ಇಲ್ಲಿದೆ. ಮಾತಾಡುವಾಗ ತಡವರಿಸಿದ್ದನ್ನು ತೆಗೆದಿದ್ದೀನಿ, ಅಲ್ಲಲ್ಲಿ ವಾಕ್ಯ ಸರಿ ಮಾಡಿದ್ದೀನಿ. ಉಳಿದಿದ್ದು ಹಾಗೇ ಇದೆ.

ಮೊದಲು ಒಂದು ಪ್ರಶ್ನೆ. ನಿಮ್ಮ ಆಫೀಸಿನಲ್ಲಿ ಪೂಲ್ ಟೇಬಲ್ ಇದೆಯಾ? ಐರೋಲಿ, ಘನ್ಸೋಲಿ, ಹಿಂಜವಡಿ, ವೈಟ್‌ಫೀಲ್ಡ್, ಎಲ್ಲಿ ಕೆಲಸ ಮಾಡಿದರೂ ಪ್ಯಾಂಟ್ರಿ ಪಕ್ಕದಲ್ಲಿ ಒಂದು ಟೇಬಲ್ ಕಾಣುತ್ತೆ. ನೇಮಕಾತಿ ಮಾಡುವಾಗ ತೋರಿಸೋ ಫೋಟೋದಲ್ಲಂತೂ ಇದ್ದೇ ಇರುತ್ತೆ. ಈಗ ಎರಡನೇ ಪ್ರಶ್ನೆ. ಆ ಟೇಬಲ್ ಸುತ್ತ ಸಂಜೆ ಐದಕ್ಕೆ ನಿಂತಿರೋರಲ್ಲಿ ಹೆಂಗಸರು ಎಷ್ಟು ಜನ?

ಮೂರನೇ ಪ್ರಶ್ನೆ ಸ್ವಲ್ಪ ಕಷ್ಟದ್ದು. ಈ ಆಟದಲ್ಲಿ ವಿಶ್ವ ಚಾಂಪಿಯನ್ ಆದ ಬೆಂಗಳೂರಿನವರ ಹೆಸರು ಹೇಳಿ ಅಂದರೆ ಎಲ್ಲರೂ ಪಂಕಜ್ ಅಡ್ವಾಣಿ ಅಂತಾರೆ. ಸರಿ ಉತ್ತರವೇ. ಇನ್ನೊಂದು ಹೆಸರು ಹೇಳಿ ಅಂದರೆ ಸುಮ್ಮನಾಗ್ತಾರೆ. ನಮ್ಮ ಟೀಮಿನ ಎಂಟು ಕನ್ನಡಿಗರನ್ನು ನಾನು ಕೇಳಿದೆ, ಎಂಟೂ ಜನ ಸುಮ್ಮನಾದರು. ಆ ಇನ್ನೊಂದು ಹೆಸರು ಚಿತ್ರಾ ಮಗಿಮೈರಾಜ್. ಮತ್ತೊಂದು ಉಮಾದೇವಿ ನಾಗರಾಜ್. ಒಂದೇ ಒಂದು ಫ್ರೇಮ್ ಅಂತರದಲ್ಲಿ ಆ ಪಟ್ಟಿಯಿಂದ ತಪ್ಪಿಸಿಕೊಂಡ ಹೆಸರು ವಿದ್ಯಾ ಪಿಳ್ಳೈ. ಇವತ್ತಿನ ಮಾತು ಇವರ ಬಗ್ಗೆ, ಅದರಲ್ಲೂ ಮುಖ್ಯವಾಗಿ ಚಿತ್ರಾ ಬಗ್ಗೆ.

ಮೂರು ಆಟ, ಮೂರು ಲೆಕ್ಕ

ಇತಿಹಾಸಕ್ಕೆ ಹೋಗೋ ಮೊದಲು ಆಟಗಳನ್ನು ಬಿಡಿಸಿಕೊಳ್ಳೋಣ. ನಮ್ಮಲ್ಲಿ ಬಹಳ ಜನ ಪೂಲ್, ಸ್ನೂಕರ್, ಬಿಲಿಯರ್ಡ್ಸ್ ಮೂರನ್ನೂ ಒಂದೇ ಅಂದುಕೊಂಡಿದ್ದಾರೆ.

ಆಫೀಸಿನಲ್ಲಿರೋದು ಪೂಲ್. ಹದಿನೈದು ನಂಬರಿನ ಚೆಂಡು, ಒಂದು ಬಿಳಿ ಚೆಂಡು. ಸ್ಪರ್ಧೆಯ ಟೇಬಲ್ 9 ಅಡಿ ಉದ್ದ, ನಾಲ್ಕೂವರೆ ಅಡಿ ಅಗಲ. ಪಾಕೆಟ್ಟಿನ ಬಾಯಿ ಅಗಲ, ಹಾಗಾಗಿ ಹೊಸಬರಿಗೂ ಅರ್ಧ ಗಂಟೆಯಲ್ಲಿ ಖುಷಿ ಸಿಗುತ್ತೆ.

ಸ್ನೂಕರ್‌ಗೆ ಟೇಬಲ್ 12 ಅಡಿ ಉದ್ದ, 6 ಅಡಿ ಅಗಲ. ಇಪ್ಪತ್ತೆರಡು ಚೆಂಡು: ಹದಿನೈದು ಕೆಂಪು, ಆರು ಬಣ್ಣದ್ದು, ಒಂದು ಬಿಳಿ. ಒಂದು ಕೆಂಪು ಹಾಕಬೇಕು, ಆಮೇಲೆ ಒಂದು ಬಣ್ಣ, ಮತ್ತೆ ಕೆಂಪು. ಹಳದಿಗೆ 2 ಅಂಕದಿಂದ ಶುರುವಾಗಿ ಕಪ್ಪಿಗೆ 7. ಮಾಮೂಲಿ ಲೆಕ್ಕದಲ್ಲಿ ಒಂದೇ ಸರದಿಯಲ್ಲಿ ಗರಿಷ್ಠ 147. ಪಾಕೆಟ್ಟಿನ ಅಂಚು ದುಂಡಗೆ, ಬಾಯಿ ಕಿರಿದು. ಕೂದಲೆಳೆ ತಪ್ಪಿದರೂ ಚೆಂಡು ಎರಡು ದವಡೆಗೆ ಬಡಿದು ಆಚೆ ಬರುತ್ತೆ.

ಬಿಲಿಯರ್ಡ್ಸ್ ಎಲ್ಲಕ್ಕಿಂತ ಹಳೆಯದು. ಸ್ನೂಕರ್ ಆಡೋ ಅದೇ ದೊಡ್ಡ ಟೇಬಲ್, ಆದರೆ ಚೆಂಡು ಮೂರೇ ಮೂರು. ನಿಮ್ಮ ಚೆಂಡು ಉಳಿದ ಎರಡಕ್ಕೂ ತಾಗಿದರೆ 2 ಅಂಕ. ಕೆಂಪನ್ನು ಪಾಕೆಟ್ಟಿಗೆ ಹಾಕಿದರೆ 3. ನಿಮ್ಮದೇ ಚೆಂಡು ಕೆಂಪಿಗೆ ತಾಗಿ ಪಾಕೆಟ್ಟಿಗೆ ಬಿದ್ದರೂ 3; ಸ್ನೂಕರ್‌ನಲ್ಲಿ ತಪ್ಪಾಗೋದು ಇಲ್ಲಿ ಅಂಕ. ಹೊರಗಿನಿಂದ ನೋಡಿದರೆ ಏನೂ ಆಗ್ತಿಲ್ಲ ಅನ್ನಿಸುತ್ತೆ. ಒಳಗೆ ನೋಡಿದರೆ, ಮೂರು ಚೆಂಡನ್ನೂ ಪ್ರತಿ ಹೊಡೆತದ ನಂತರ ಎಲ್ಲಿ ನಿಲ್ಲಿಸಬೇಕು ಅನ್ನೋ ಲೆಕ್ಕ ನಿಲ್ಲದೆ ನಡೀತಿರುತ್ತೆ. ಕೈಯ ಹತೋಟಿಯನ್ನು ಇಷ್ಟು ಪರೀಕ್ಷೆ ಮಾಡೋ ಆಟ ಇನ್ನೊಂದಿಲ್ಲ ಅಂತ ಹಳೆಯ ಆಟಗಾರರು ಹೇಳೋದು ಸುಳ್ಳಲ್ಲ.

ಇದನ್ನೆಲ್ಲ ಯಾಕೆ ಹೇಳಿದೆ ಅಂದರೆ, ಚಿತ್ರಾ ಮಗಿಮೈರಾಜ್ ಈ ಮೂರರಲ್ಲೂ ಗೆದ್ದವರು. ಪೂಲ್‌ನಲ್ಲಿ ಎರಡು ಬಾರಿ ರಾಷ್ಟ್ರೀಯ ಚಾಂಪಿಯನ್. ಸ್ನೂಕರ್‌ನಲ್ಲಿ ರಾಜ್ಯ ಚಾಂಪಿಯನ್. ಬಿಲಿಯರ್ಡ್ಸ್‌ನಲ್ಲಿ 2006 ಮತ್ತು 2007ರ ಮಹಿಳಾ ವಿಶ್ವ ಚಾಂಪಿಯನ್. ಮೂರೂ ಬೇರೆ ಬೇರೆ ಕಸುಬು. ಜಾವಾ, ಡೇಟಾಬೇಸ್, ನೆಟ್‌ವರ್ಕಿಂಗ್ ಮೂರರಲ್ಲೂ ಒಬ್ಬರೇ ಪಳಗಿದ್ದಾರೆ ಅಂದ ಹಾಗೆ.

ಮೇಜು ಇದ್ದ ಕೋಣೆ

ಈಗ ಸ್ವಲ್ಪ ಹಿಂದೆ ಹೋಗೋಣ. ಸ್ನೂಕರ್ ಇಂಗ್ಲೆಂಡಿನ ಆಟ ಅಂತ ಅಂದುಕೊಂಡಿದ್ದರೆ, ಅದು ಹುಟ್ಟಿದ್ದು ನಮ್ಮ ಜಬಲ್‌ಪುರದಲ್ಲಿ. 1875ರಲ್ಲಿ ಅಲ್ಲಿನ ಸೇನಾಧಿಕಾರಿಗಳ ಮೆಸ್‌ನಲ್ಲಿ ನೆವಿಲ್ ಚೇಂಬರ್ಲಿನ್ ಎಂಬ ಯುವ ಅಧಿಕಾರಿ, ಆಗ ಚಾಲ್ತಿಯಲ್ಲಿದ್ದ ಕೆಂಪು ಚೆಂಡುಗಳ ಆಟಕ್ಕೆ ಬಣ್ಣದ ಚೆಂಡುಗಳನ್ನು ಸೇರಿಸಿದ. ಮುಂದೆ ಬ್ರಿಟನ್ನಿನ ಪ್ರಧಾನಿಯಾದ ಚೇಂಬರ್ಲಿನ್ ಬೇರೆ, ಇವನು ಬೇರೆ. ಸೇನಾ ಶಾಲೆಯ ಹೊಸ ಹುಡುಗರನ್ನು ಆಗ 'ಸ್ನೂಕರ್' ಅಂತ ಗೇಲಿ ಮಾಡುತ್ತಿದ್ದರು. ಸುಲಭದ ಹೊಡೆತ ತಪ್ಪಿಸಿದವನೊಬ್ಬನನ್ನು ಚೇಂಬರ್ಲಿನ್ ಹಾಗೆ ಕರೆದ, ಹೆಸರು ಆಟಕ್ಕೇ ಅಂಟಿಕೊಂಡಿತು. 1882ರ ಹೊತ್ತಿಗೆ ಅದರ ನಿಯಮಗಳನ್ನು ಬರೆದು ಗೋಡೆಗೆ ಹಾಕಿದ್ದು ಊಟಿ ಕ್ಲಬ್ಬಿನಲ್ಲಿ. ಮೈಸೂರಿನಿಂದ ಗುಂಡ್ಲುಪೇಟೆ, ಬಂಡೀಪುರ ದಾಟಿ ನಾವೆಲ್ಲ ಹನಿಮೂನಿಗೆ ಹೋಗ್ತೀವಲ್ಲ, ಅದೇ ಊಟಿ.

ಎರಡೂ ಜಾಗ ಗಮನಿಸಿ. ಒಂದು ಮೆಸ್, ಇನ್ನೊಂದು ಕ್ಲಬ್. ಒಂದು ಕಡೆ ಬಿಳಿಯ ಅಧಿಕಾರಿಗಳು, ಇನ್ನೊಂದು ಕಡೆ ಅವರ ಗಂಡಸು ಗೆಳೆಯರು.

ಇದಕ್ಕೆ ಕಾರಣ ಮೇಜಿನಲ್ಲೇ ಇದೆ. ಸ್ನೂಕರ್ ಟೇಬಲ್ಲಿನ ಹಸಿರು ಬಟ್ಟೆಯ ಕೆಳಗಿರೋದು ಮರವಲ್ಲ, ಕಲ್ಲು. ಸ್ಲೇಟಿನ ದಪ್ಪ ಹಲಗೆಗಳನ್ನು ಒಂದರ ಪಕ್ಕ ಒಂದು ಜೋಡಿಸಿ, ಮೇಲೆ ಉಣ್ಣೆ ಬಟ್ಟೆ ಬಿಗಿದಿರುತ್ತಾರೆ. ಒಟ್ಟು ತೂಕ ಒಂದು ಟನ್ನಿಗೂ ಮೇಲೆ. ಕ್ಯೂ ಆಡಿಸಲು ಸುತ್ತ ಐದಾರು ಅಡಿ ಖಾಲಿ ಜಾಗ ಬೇಕು. ಅಂದರೆ ಒಂದೇ ಮೇಜಿಗೆ ನಮ್ಮ ಮುಂಬ್ರಾದ ಒಂದು ಬಿಎಚ್‌ಕೆ ಫ್ಲ್ಯಾಟಿನ ಅರ್ಧಕ್ಕಿಂತ ಹೆಚ್ಚು ಹೋಗುತ್ತೆ. ಚೆಂಡುಗಳೂ ಆಗ ಆನೆ ದಂತದವು. ಕ್ರಿಕೆಟ್‌ಗೆ ಗಲ್ಲಿ ಸಾಕು, ಕಬಡ್ಡಿಗೆ ಅಂಗಳ ಸಾಕು. ಈ ಆಟವನ್ನು ಬೀದಿಯಲ್ಲಿ ಕಲಿಯೋಕೆ ಬರಲ್ಲ. ಕೋಣೆ ಯಾರದ್ದೋ, ಆಟ ಅವರದ್ದು. ಕೋಣೆಯ ಬಾಗಿಲಲ್ಲಿ ಯಾರನ್ನು ಬಿಡಬೇಕು ಅಂತ ತೀರ್ಮಾನಿಸೋರೇ ಮುಂದಿನ ಚಾಂಪಿಯನ್ ಯಾರು ಅನ್ನೋದನ್ನೂ ಅರ್ಧ ತೀರ್ಮಾನಿಸಿರ್ತಾರೆ.

ಇಂಗ್ಲೆಂಡಿನಲ್ಲೂ ಇದೇ ಕತೆ. ಮಹಿಳಾ ವಿಶ್ವ ಸ್ನೂಕರ್ ಚಾಂಪಿಯನ್‌ಶಿಪ್ ಶುರುವಾಗಿದ್ದು 1976ರಲ್ಲಿ. ಮೊದಲ ಚಾಂಪಿಯನ್ ವೆರಾ ಸೆಲ್ಬಿ, ಆಗ ಆಕೆಗೆ 46 ವರ್ಷ. 1981ರಲ್ಲಿ 51ನೇ ವಯಸ್ಸಿನಲ್ಲಿ ಮತ್ತೆ ಗೆದ್ದರು. ಆಕೆ ಈ ಆಟವನ್ನು ಮೊದಲು ಕಂಡದ್ದು ಸಣ್ಣ ಹುಡುಗಿಯಾಗಿದ್ದಾಗ, ಸಂಬಂಧಿಕರ ಮನೆಯ ನೆಲಮಾಳಿಗೆಯಲ್ಲಿ. ಮನೆಯಲ್ಲೇ ಮೇಜಿತ್ತು, ಬಾಗಿಲಲ್ಲಿ ತಡೆಯೋರು ಇರಲಿಲ್ಲ.

ಬೆಂಗಳೂರಿಗೆ ಬಂದಾಗ

ಸ್ವಾತಂತ್ರ್ಯ ಬಂದ ಮೇಲೆ ನಮ್ಮವರು ಈ ಆಟವನ್ನು ಬಹಳ ಚೆನ್ನಾಗಿ ಕೈವಶ ಮಾಡಿಕೊಂಡರು. 1958ರಲ್ಲಿ ಕಲ್ಕತ್ತಾದಲ್ಲಿ ವಿಲ್ಸನ್ ಜೋನ್ಸ್ ವಿಶ್ವ ಬಿಲಿಯರ್ಡ್ಸ್ ಗೆದ್ದರು. ಯಾವುದೇ ವೈಯಕ್ತಿಕ ಕ್ರೀಡೆಯಲ್ಲಿ ಭಾರತೀಯನೊಬ್ಬ ವಿಶ್ವ ಚಾಂಪಿಯನ್ ಆಗಿದ್ದು ಅದೇ ಮೊದಲು. ಆಮೇಲೆ ನಾವೀಗ ಇರೋ ಈ ಮುಂಬಯಿಯ ಮೈಕಲ್ ಫೆರೇರಾ ಮೂರು ಬಾರಿ ಗೆದ್ದರು: 1977, 1981, 1983. ನಂತರ ಗೀತ್ ಸೇಠಿ. ಇಷ್ಟೂ ಜನ ಗಂಡಸರು.

ಬೆಂಗಳೂರಿನಲ್ಲಿ ಒಂದು ಅನುಕೂಲ ಇತ್ತು. ದಂಡು ಪ್ರದೇಶದ ಹಳೆಯ ಕ್ಲಬ್ಬುಗಳ ಆಚೆಗೆ, ವಸಂತನಗರದಲ್ಲಿ ಕರ್ನಾಟಕ ರಾಜ್ಯ ಬಿಲಿಯರ್ಡ್ಸ್ ಸಂಸ್ಥೆಯ ತನ್ನದೇ ಮೇಜುಗಳಿರೋ ಜಾಗ ಇದೆ. ಆಟವೇ ಮುಖ್ಯವಾಗಿರೋ ಜಾಗ. ಅರವಿಂದ್ ಸಾವೂರ್ ಅವರಂಥ ಹಿರಿಯ ಆಟಗಾರರು ಕಲಿಸೋಕೆ ಸಿಗುತ್ತಿದ್ದರು. ಅವರ ಕೈಯಲ್ಲಿ ಪಳಗಿದ ಹುಡುಗನೇ ಪಂಕಜ್ ಅಡ್ವಾಣಿ. 2003ರಲ್ಲಿ ಚೀನಾದಲ್ಲಿ ವಿಶ್ವ ಸ್ನೂಕರ್, 2005ರಲ್ಲಿ ಮಾಲ್ಟಾದಲ್ಲಿ ಬಿಲಿಯರ್ಡ್ಸ್‌ನ ಎರಡೂ ಮಾದರಿಯ ವಿಶ್ವ ಪ್ರಶಸ್ತಿ, 2006ರಲ್ಲಿ ದೋಹಾ ಏಷ್ಯನ್ ಗೇಮ್ಸ್ ಚಿನ್ನ, 2008ರಲ್ಲಿ ಬೆಂಗಳೂರಿನಲ್ಲೇ ಮತ್ತೆ ಎರಡೂ ಮಾದರಿ. ಆ ಹುಡುಗನ ಸಾಧನೆಗೆ ಕೈ ಮುಗಿಯಬೇಕು, ಅದರಲ್ಲಿ ಎರಡು ಮಾತಿಲ್ಲ.

ಆದರೆ ಈ ಇಸವಿಗಳನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ: 2005, 2006, 2008. ಇದೇ ಊರಿನ ಹೆಣ್ಣುಮಗಳೊಬ್ಬಳು ವಿಶ್ವ ಪ್ರಶಸ್ತಿ ತಂದದ್ದು 2006 ಮತ್ತು 2007ರಲ್ಲಿ. ಒಂದೇ ಊರು, ಒಂದೇ ಕ್ರೀಡೆ, ಒಂದೇ ಹೊತ್ತು.

ಹಾಕಿ ಸ್ಟಿಕ್ಕಿನಿಂದ ಕ್ಯೂಗೆ

ಚಿತ್ರಾ ಹುಟ್ಟಿದ್ದು 1973ರಲ್ಲಿ. ಶುರುವಿನಲ್ಲಿ ಅವರು ಆಡುತ್ತಿದ್ದದ್ದು ಹಾಕಿ. ಇದು ಆಕಸ್ಮಿಕ ಅಲ್ಲ. ಬೆಂಗಳೂರಿನ ಹುಡುಗಿಯರಿಗೆ ಹಾಕಿಯ ಮೈದಾನ ಅಷ್ಟು ಹೊತ್ತಿಗಾಗಲೇ ತೆರೆದಿತ್ತು. ಈ ಊರಿನಿಂದ ಹುಡುಗಿಯರು ದೇಶಕ್ಕೆ ಆಡಿದ್ದರು, ಭಾರತದ ಮಹಿಳಾ ತಂಡ 1980ರ ಮಾಸ್ಕೋ ಒಲಿಂಪಿಕ್ಸ್‌ನಲ್ಲಿ ಆಡಿತ್ತು. ಹುಡುಗಿ ಹಾಕಿ ಸ್ಟಿಕ್ ಹಿಡಿದು ಹೋಗ್ತಿದ್ದಾಳೆ ಅಂದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ.

ಆಮೇಲೆ ಮೊಣಕಾಲಿಗೆ ಪೆಟ್ಟು ಬಿತ್ತು. ಹಾಕಿ ಅಲ್ಲಿಗೆ ಮುಗಿಯಿತು.

ಆಟಗಾರರ ಬದುಕಿನಲ್ಲಿ ಇದು ಬಹಳ ಕ್ರೂರವಾದ ಘಳಿಗೆ. ನಮ್ಮ ಕೆಲಸದಲ್ಲಿ ಒಂದು ಟೆಕ್ನಾಲಜಿ ಹಳೆಯದಾದರೆ ಇನ್ನೊಂದು ಕಲೀತೀವಿ, ಕೀಬೋರ್ಡ್ ಮಾತ್ರ ಅದೇ ಇರುತ್ತೆ. ಅವರಿಗೆ ಕೆಟ್ಟದ್ದು ಕೀಬೋರ್ಡೇ. ಓಡೋ ಕಾಲು ಹೋದ ಮೇಲೆ ಏನು ಮಾಡೋದು? ಬಹಳ ಜನ ಅಲ್ಲಿಗೆ ನಿಲ್ಲಿಸಿ, ಮದುವೆ, ಮನೆ, ಬ್ಯಾಂಕ್ ಪರೀಕ್ಷೆ ಅಂತ ಹೋಗ್ತಾರೆ. ಚಿತ್ರಾ ಓಡಬೇಕಾಗಿಲ್ಲದ ಆಟವೊಂದನ್ನು ಹಿಡಿದರು.

ಓಡೋದು ಬೇಡ ಅಂದ ಮಾತ್ರಕ್ಕೆ ಸುಲಭ ಅಂತಲ್ಲ. ದೊಡ್ಡ ಮೇಜಿನ ಮೇಲೆ ಬಾಗಿ, ಗದ್ದ ಕ್ಯೂಗೆ ತಾಗುವಷ್ಟು ಕೆಳಗೆ ಇಳಿದು, ಮುಂಗಾಲಿನ ಮೇಲೆ ಭಾರ ಹಾಕಿ, ಉಸಿರು ಹಿಡಿದು ನಿಲ್ಲಬೇಕು. ಒಂದು ಪಂದ್ಯದಲ್ಲಿ ನೂರಾರು ಸಲ. ಎದುರಾಳಿ ಆಡುವಾಗ ಕುರ್ಚಿಯಲ್ಲಿ ಸುಮ್ಮನೆ ಕೂತಿರಬೇಕು, ಆಮೇಲೆ ತಣ್ಣಗಾದ ಕೈಯಲ್ಲಿ ಎದ್ದು ಬಂದು ಮೊದಲ ಹೊಡೆತವನ್ನೇ ಸರಿಯಾಗಿ ಹೊಡೆಯಬೇಕು. ತಂಡದ ಆಟದಲ್ಲಿ ತಪ್ಪನ್ನು ಹಂಚಿಕೊಳ್ಳೋಕೆ ಹತ್ತು ಜನ ಇರ್ತಾರೆ. ಇಲ್ಲಿ ತಪ್ಪು ಪೂರ್ತಿ ನಿಮ್ಮದೇ, ಅದನ್ನು ಕುರ್ಚಿಯಲ್ಲಿ ಕೂತು ನೋಡ್ತಾ ಇರಬೇಕು.

ಮೊದಲು ಪೂಲ್‌ನಲ್ಲಿ ನೋಡಿ. ಎರಡು ಬಾರಿ ರಾಷ್ಟ್ರೀಯ ಪ್ರಶಸ್ತಿ. ಸ್ನೂಕರ್‌ನಲ್ಲಿ ರಾಜ್ಯ ಪ್ರಶಸ್ತಿ. ಇಷ್ಟಕ್ಕೆ ಸಮಾಧಾನ ಪಟ್ಟಿದ್ದರೆ ಇವತ್ತು ನಾನು ಮಾತಾಡ್ತಾ ಇರಲಿಲ್ಲ. ಅವರು ಹೊರಟದ್ದು ಮೂರರಲ್ಲಿ ಅತ್ಯಂತ ಹಳೆಯ, ಅತ್ಯಂತ ತಾಳ್ಮೆ ಬೇಡೋ ಬಿಲಿಯರ್ಡ್ಸ್ ಕಡೆಗೆ. 2006ರಲ್ಲಿ ವಿಶ್ವ ಚಾಂಪಿಯನ್. ಒಂದು ಸಲ ಗೆದ್ದರೆ ಅದೃಷ್ಟ ಅನ್ನೋರು ಎಲ್ಲ ಕಡೆ ಇರ್ತಾರೆ. 2007ರಲ್ಲಿ ಮತ್ತೆ ಗೆದ್ದರು. ಆ ಹೊತ್ತಿನಲ್ಲಿ ಈ ಆಟದ ದೊಡ್ಡ ಹೆಸರು ಇಂಗ್ಲೆಂಡಿನ ಎಮ್ಮಾ ಬಾನಿ. ಆಕೆ ಈ ಪ್ರಶಸ್ತಿಯನ್ನು ಹಲವು ಬಾರಿ ಗೆದ್ದವರು. ಅಂಥವರು ಆಳುತ್ತಿದ್ದ ಕಾಲದಲ್ಲಿ ಸತತ ಎರಡು ವರ್ಷ ಆ ಪ್ರಶಸ್ತಿ ಬೆಂಗಳೂರಿನಲ್ಲಿತ್ತು.

ಅಲ್ಲಿಗೂ ನಿಲ್ಲಲಿಲ್ಲ. 2014ರಲ್ಲಿ, ನಲವತ್ತು ದಾಟಿದ ಮೇಲೆ, ಮಹಿಳೆಯರ ಸೀನಿಯರ್ ಸ್ನೂಕರ್‌ನಲ್ಲಿ ವಿಶ್ವ ಪ್ರಶಸ್ತಿ. ಮೊಣಕಾಲು ಕೈಕೊಟ್ಟ ಹಾಕಿ ಆಟಗಾರ್ತಿ, ಅದೇ ಕಾಲಿನ ಮೇಲೆ ನಿಂತು ಇಷ್ಟು ವರ್ಷ ಆಡಿದರು.

ಒಬ್ಬರೇ ಮೂರೂ ಆಟ ಆಡಿದ್ದು ಯಾಕೆ? ನನ್ನ ಲೆಕ್ಕ ಹೀಗಿದೆ. ಹೆಂಗಸರಿಗೆ ವರ್ಷಕ್ಕೆ ಸಿಗೋ ಪಂದ್ಯಾವಳಿಗಳೇ ಕಡಿಮೆ. ಒಂದೇ ಆಟ ನೆಚ್ಚಿಕೊಂಡರೆ ವರ್ಷದಲ್ಲಿ ಬೆರಳೆಣಿಕೆಯಷ್ಟು ದಿನ ಮಾತ್ರ ಸ್ಪರ್ಧೆ. ಹಾಗಾಗಿ ಮೇಜು ಯಾವುದಿದ್ದರೆ ಅದರ ಮೇಲೆ ಆಡಬೇಕು. ಅಮೆರಿಕದಲ್ಲಿ ಹಾಗಿರಲಿಲ್ಲ. ಇಂಗ್ಲೆಂಡಿನ ಆಲಿಸನ್ ಫಿಷರ್ ಏಳು ಬಾರಿ ಮಹಿಳಾ ವಿಶ್ವ ಸ್ನೂಕರ್ ಗೆದ್ದು, 1995ರಲ್ಲಿ ಗಂಟುಮೂಟೆ ಕಟ್ಟಿಕೊಂಡು ಅಮೆರಿಕಕ್ಕೆ ಹೋಗಿ ಪೂಲ್ ಹಿಡಿದರು. ಅಲ್ಲಿ ಮಹಿಳೆಯರ ಪೂಲ್‌ಗೆ ಟೀವಿ ಇತ್ತು, ಬಹುಮಾನದ ಹಣ ಇತ್ತು. ಅಂದರೆ ಆಕೆ ಆಟ ಬದಲಿಸಿದ್ದು ಬದುಕೋಕೆ. ನಮ್ಮವರಿಗೆ ಮೂರು ಆಟ ಆಡಿದರೂ ಅಂಥ ಒಂದು ಟೂರ್ ಇರಲಿಲ್ಲ.

ಟೇಬಲ್ ಟೆನ್ನಿಸ್ ಆಡಲು ಹೋದ ಟೈಪಿಸ್ಟ್

ಎರಡನೆಯವರು ಉಮಾದೇವಿ ನಾಗರಾಜ್. ಇವರ ಕತೆ ನನಗೆ ಇನ್ನೂ ಹತ್ತಿರದ್ದು, ಯಾಕೆಂದರೆ ಇವರು ನಮ್ಮ ಹಾಗೆ ಕೆಲಸಕ್ಕೆ ಹೋಗ್ತಿದ್ದವರು. ಕರ್ನಾಟಕ ಸರ್ಕಾರದಲ್ಲಿ ಟೈಪಿಸ್ಟ್. ಕಬ್ಬನ್ ಪಾರ್ಕಿನಲ್ಲಿ ಸರ್ಕಾರಿ ನೌಕರರ ಕ್ಲಬ್ ಇದೆ, ಸಚಿವಾಲಯ ಕ್ಲಬ್. ಕೆಲಸ ಮುಗಿಸಿ ಅಲ್ಲಿಗೆ ಟೇಬಲ್ ಟೆನ್ನಿಸ್ ಆಡೋಕೆ ಹೋಗಿದ್ದರು. ಆ ಟೇಬಲ್ ಖಾಲಿ ಇರಲಿಲ್ಲ. ಪಕ್ಕದಲ್ಲಿದ್ದ ಹಸಿರು ಮೇಜಿನ ಹತ್ತಿರ ಹೋದರು. ಅಲ್ಲಿಂದ ಶುರು.

2012ರಲ್ಲಿ ಉಮಾದೇವಿ ಮಹಿಳಾ ವಿಶ್ವ ಬಿಲಿಯರ್ಡ್ಸ್ ಚಾಂಪಿಯನ್ ಆದರು. ಅವರಿಗೂ ಆಗ ನಲವತ್ತು ದಾಟಿತ್ತು. ವೆರಾ ಸೆಲ್ಬಿ 46ಕ್ಕೆ ಗೆದ್ದದ್ದು ನೆನಪಿದೆಯಲ್ಲ? ಶಕ್ತಿಯ ಆಟ ಅಲ್ಲ ಇದು. ಕಣ್ಣು, ಕೈ, ತಾಳ್ಮೆ ಇದ್ದರೆ ಆಯಿತು. ಹಾಗಿದ್ದಮೇಲೆ ಇದರಲ್ಲಿ ಹೆಂಗಸರು ಯಾಕೆ ಹಿಂದೆ ಅಂತ ಕೇಳೋರಿಗೆ ಉತ್ತರ ಮೇಜಿನ ಮುಂದೆ ಕಳೆದ ಗಂಟೆಗಳಲ್ಲಿದೆ. ದಿನಕ್ಕೆ ನಾಲ್ಕೈದು ಗಂಟೆ ಮೇಜು ಬೇಕು. ಸಂಜೆ ಆರರಿಂದ ಹತ್ತರವರೆಗೆ, ಕ್ಲಬ್ಬು ಪಾರ್ಲರುಗಳು ತುಂಬಿರೋ ಹೊತ್ತಿನಲ್ಲೇ, ಹೆಣ್ಣುಮಗಳಿಗೆ ಮನೆಯಿಂದ ಫೋನ್ ಬರುತ್ತೆ, ಎಲ್ಲಿದ್ದೀಯಮ್ಮಾ ಅಂತ. ಗಂಡು ಹುಡುಗ ದಿನಕ್ಕೆ ಮೂರು ಗಂಟೆ ಹೆಚ್ಚು ಆಡಿದರೆ ವರ್ಷಕ್ಕೆ ಸಾವಿರ ಗಂಟೆ. ಹತ್ತು ವರ್ಷಕ್ಕೆ ನೀವೇ ಲೆಕ್ಕ ಹಾಕಿ.

ಉಮಾದೇವಿಗೆ ಸಿಕ್ಕ ಒಂದು ಅನುಕೂಲ ಅಂದರೆ, ಅದು ನೌಕರರ ಕ್ಲಬ್. ನೌಕರಿ ಇದ್ದರೆ ಒಳಗೆ ಹೋಗಬಹುದು. ಯಾರ ಮಗಳು, ಯಾರ ಹೆಂಡತಿ ಅಂತ ಕೇಳೋ ಕ್ಲಬ್ ಆಗಿದ್ದರೆ, ಟೈಪಿಸ್ಟ್ ಒಬ್ಬರು ಆ ಮೇಜಿನ ಹತ್ತಿರ ಹೋಗುತ್ತಿದ್ದರಾ?

ಸಿಂಗಾಪುರದ ಆ ಒಂದು ಫ್ರೇಮ್

ಮೂರನೆಯವರು ವಿದ್ಯಾ ಪಿಳ್ಳೈ. ಹುಟ್ಟಿದ್ದು ಚೆನ್ನೈ, ಆಟ ಬೆಳೆದದ್ದು ಬೆಂಗಳೂರಿನಲ್ಲಿ. 2017ರ ಮಾರ್ಚ್‌ನಲ್ಲಿ ಸಿಂಗಾಪುರದಲ್ಲಿ ಮಹಿಳಾ ವಿಶ್ವ ಸ್ನೂಕರ್ ಫೈನಲ್. ಎದುರಿಗೆ ಹಾಂಗ್‌ಕಾಂಗ್‌ನ ಎನ್‌ಜಿ ಆನ್-ಯೀ. ಹನ್ನೊಂದು ಫ್ರೇಮ್‌ಗಳ ಪಂದ್ಯ, ಮೊದಲು ಆರು ಗೆದ್ದವರು ಚಾಂಪಿಯನ್. ಐದು-ಐದು ಸಮ ಆಯಿತು. ಕೊನೆಯ ಫ್ರೇಮ್ ಎನ್‌ಜಿ ಪಾಲಾಯಿತು. ವಿದ್ಯಾ 5-6ರಿಂದ ಸೋತರು.

ನಮ್ಮಲ್ಲಿ ಎಷ್ಟು ಜನ ಆ ಸುದ್ದಿ ಓದಿದ್ದೀವಿ? ಆ ತಿಂಗಳು ಭಾರತಕ್ಕೆ ಬಂದಿದ್ದ ಆಸ್ಟ್ರೇಲಿಯಾ ತಂಡದ ಜೊತೆ ಟೆಸ್ಟ್ ಸರಣಿ ನಡೀತಿತ್ತು. ಬೆಂಗಳೂರು ಟೆಸ್ಟ್‌ನಲ್ಲಿ ಸ್ಮಿತ್ ಡ್ರೆಸ್ಸಿಂಗ್ ರೂಮ್ ಕಡೆ ನೋಡಿದ್ದು ಎಲ್ಲರಿಗೂ ನೆನಪಿದೆ. ಬೆಂಗಳೂರಿನ ಆಟಗಾರ್ತಿ ವಿಶ್ವ ಪ್ರಶಸ್ತಿಗೆ ಒಂದೇ ಫ್ರೇಮ್ ದೂರ ನಿಂತದ್ದು ನಮ್ಮ ಕಣ್ಣಿಗೆ ಬೀಳಲಿಲ್ಲ.

ಗೆದ್ದ ಮೇಲೆ ಏನು?

ಇಲ್ಲಿ ಒಂದು ಕಹಿ ವಿಷಯ ಹೇಳಲೇಬೇಕು. ನಮ್ಮ ದೇಶದಲ್ಲಿ ಕ್ರೀಡಾಪಟುವಿಗೆ ನೌಕರಿ, ನಗದು ಬಹುಮಾನ, ಪ್ರಶಸ್ತಿ ಸಿಗೋದು ಹೆಚ್ಚಾಗಿ ಒಲಿಂಪಿಕ್ಸ್, ಏಷ್ಯನ್ ಗೇಮ್ಸ್ ಪದಕ ನೋಡಿ. ಒಲಿಂಪಿಕ್ಸ್‌ನಲ್ಲಿ ಈ ಆಟ ಇಲ್ಲವೇ ಇಲ್ಲ. ಏಷ್ಯನ್ ಗೇಮ್ಸ್‌ಗೆ 1998ರಲ್ಲಿ ಬ್ಯಾಂಕಾಕ್‌ನಲ್ಲಿ ಬಂತು. 2010ರ ಗುವಾಂಗ್‌ಝೌನಲ್ಲಿ ಮಹಿಳೆಯರಿಗೂ ಸ್ನೂಕರ್, ಪೂಲ್ ವಿಭಾಗಗಳಿದ್ದವು. 2014ರ ಇಂಚಿಯಾನ್ ಹೊತ್ತಿಗೆ ಇಡೀ ಕ್ರೀಡೆಯನ್ನೇ ಕೈಬಿಟ್ಟರು. ಆಮೇಲೆ ಜಕಾರ್ತಾದಲ್ಲೂ ಇಲ್ಲ, ಹಾಂಗ್‌ಝೌನಲ್ಲೂ ಇಲ್ಲ.

ಗಂಡಸರಿಗೆ ನಾಲ್ಕು ಏಷ್ಯನ್ ಗೇಮ್ಸ್ ಸಿಕ್ಕವು. ಚಿತ್ರಾ ಎರಡು ಬಾರಿ ವಿಶ್ವ ಪ್ರಶಸ್ತಿ ಗೆದ್ದ ಮಹಿಳಾ ಬಿಲಿಯರ್ಡ್ಸ್ 2010ರಲ್ಲೂ ಇರಲಿಲ್ಲ. ಅವರ ಅತ್ಯುತ್ತಮ ಆಟಕ್ಕೆ ಸರ್ಕಾರದ ಲೆಕ್ಕದ ಪುಸ್ತಕದಲ್ಲಿ ಕಾಲಂ ಇರಲಿಲ್ಲ ಅಂತ ಇಟ್ಟುಕೊಳ್ಳಿ. ಅಪ್ರೈಸಲ್‌ನಲ್ಲಿ ನೀವು ಮಾಡಿದ ಕೆಲಸಕ್ಕೆ ಫಾರ್ಮಿನಲ್ಲಿ ಜಾಗವೇ ಇಲ್ಲದಿದ್ದರೆ ಹೇಗಿರುತ್ತೆ? ನಮಗೆ ಅದು ವರ್ಷಕ್ಕೊಮ್ಮೆಯ ಗೊಣಗಾಟ. ಅವರಿಗೆ ಅದು ಇಡೀ ವೃತ್ತಿ.

ಮುಂಬ್ರಾದಿಂದ ನೋಡಿದಾಗ

ನಾನು ಇರೋದು ಮುಂಬ್ರಾದಲ್ಲಿ, ನಿಮಗೆ ಗೊತ್ತಿದೆ. ಬೆಳಗ್ಗೆ ಸ್ಲೋ ಲೋಕಲ್ ಹಿಡಿದು ಕಳವಾ ದಾಟಿ ಥಾಣೆ, ಅಲ್ಲಿಂದ ಟ್ರಾನ್ಸ್ ಹಾರ್ಬರ್‌ನಲ್ಲಿ ಐರೋಲಿ. ನಾನು ಕರ್ನಾಟಕ ಬಿಟ್ಟು ಬಂದು ಹನ್ನೆರಡು ವರ್ಷ. ಈ ಊರಿನ ಬಗ್ಗೆ ಹೊರಗಿನವರು ಏನೇನೋ ಅಂತಾರೆ. ನಾನು ಇಲ್ಲಿಂದ ಕಲಿತ ಒಂದು ಸಂಗತಿ ಹೇಳ್ತೀನಿ.

2012ರಲ್ಲಿ ಇಲ್ಲಿ 'ಪರ್ಚಮ್' ಅನ್ನೋ ಬಳಗ ಹುಡುಗಿಯರನ್ನು ಸೇರಿಸಿ ಫುಟ್‌ಬಾಲ್ ಆಡಿಸೋಕೆ ಶುರು ಮಾಡಿತು. ಬುರ್ಖಾ ಹಾಕೋ ಹುಡುಗಿಯರೂ ಬಂದರು, ಹಾಕದವರೂ ಬಂದರು. ಆಡೋಕೆ ಮೈದಾನ ಎಲ್ಲಿದೆ? ಇದ್ದ ಮೈದಾನದಲ್ಲಿ ಹುಡುಗರು. ಆಗ ಆ ಹುಡುಗಿಯರು ಮನೆ ಮನೆ ತಿರುಗಿ ಸಹಿ ಸಂಗ್ರಹಿಸಿ, ನಮಗೂ ಆಡೋ ಜಾಗ ಕೊಡಿ ಅಂತ ಶಾಸಕರ ಮುಂದೆ ಇಟ್ಟರು. ಕಪ್ ಕೇಳಲಿಲ್ಲ, ಕೋಚ್ ಕೇಳಲಿಲ್ಲ. ಮೊದಲು ಕೇಳಿದ್ದು ಜಾಗ.

ನಮ್ಮ ಅಕ್ಕನ ಮಗಳು ರಜೆಗೆ ಬಂದಿದ್ದಳು, ಹದಿನಾಲ್ಕು ವರ್ಷ. ಸ್ಟೇಷನ್ನಿನಿಂದ ಬರುವಾಗ ಮೊದಲ ಮಹಡಿಯಲ್ಲಿ ಪೂಲ್ ಪಾರ್ಲರ್ ಬೋರ್ಡ್ ನೋಡಿ, "ಚಿಕ್ಕಮ್ಮಾ, ಹೋಗೋಣ್ವಾ?" ಅಂದಳು. ಹೋದೆವು. ಒಳಗೆ ಮಬ್ಬು ಬೆಳಕು, ಹೊಗೆ, ಇಪ್ಪತ್ತು ಹುಡುಗರು. ನಾವು ಕಾಲಿಟ್ಟ ತಕ್ಷಣ ಎಲ್ಲ ಆಟ ನಿಂತಿತು. ಕೌಂಟರಿನಲ್ಲಿದ್ದವನು ಒರಟನೇನಲ್ಲ, ಮರ್ಯಾದೆಯಿಂದಲೇ ಹೇಳಿದ: "ದೀದಿ, ಬೆಳಗ್ಗೆ ಹನ್ನೊಂದಕ್ಕೆ ಬನ್ನಿ, ಆಗ ಯಾರೂ ಇರಲ್ಲ." ಹೋದೆವು ಬೆಳಗ್ಗೆ ಹನ್ನೊಂದಕ್ಕೆ. ನಾನು ರಜೆ ಹಾಕಬೇಕಾಯಿತು. ಅವಳು ಒಂದು ಗಂಟೆ ಆಡಿದಳು, ಆರು ಚೆಂಡು ಹಾಕಿದಳು. ಆ ಕಡೆ ಹುಡುಗರಿಗೆ ದಿನಾ ಸಂಜೆ ಸಿಗೋದು ಅವಳಿಗೆ ವರ್ಷಕ್ಕೆ ಒಂದು ಬೆಳಗ್ಗೆ ಸಿಕ್ಕಿತು.

ನಮ್ಮ ಆಫೀಸುಗಳಲ್ಲಿ ಹೊಗೆ ಇಲ್ಲ, ಮಬ್ಬು ಬೆಳಕಿಲ್ಲ, ಕಾಸೂ ಕೊಡಬೇಕಾಗಿಲ್ಲ. ಆದರೂ ನಾನು ಮೊದಲ ಸಲ ಕ್ಯೂ ಹಿಡಿದಾಗ ಸಹೋದ್ಯೋಗಿಯೊಬ್ಬರು ನಗುತ್ತಾ, "ಮೇಡಂ, ಬಟ್ಟೆ ಹರಿದೀತು ಹುಷಾರು" ಅಂದರು. ತಮಾಷ್ಗೆ ಅಂದದ್ದು, ನಾನೂ ನಕ್ಕೆ. ಆದರೆ ಪಕ್ಕದಲ್ಲಿ ಇಷ್ಟು ದಿನ ತಪ್ಪು ತಪ್ಪಾಗಿ ಹೊಡೀತಿದ್ದ ಹೊಸ ಹುಡುಗನಿಗೆ ಯಾರೂ ಆ ಮಾತು ಹೇಳಿರಲಿಲ್ಲ. ಒಂದು ಮಾತು, ಒಂದು ನಗು. ಬಾಗಿಲಲ್ಲಿ ಕಾವಲುಗಾರ ಬೇಕಾಗೋದೇ ಇಲ್ಲ.

ಈಗ ಯಾರಿದ್ದಾರೆ

ಆದರೂ ಆಟ ಮುಂದೆ ಹೋಗಿದೆ. 2018ರಲ್ಲಿ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಬೆಂಗಳೂರಿನ ಕೀರ್ತನಾ ಪಾಂಡಿಯನ್ 18 ವರ್ಷದೊಳಗಿನ ಹುಡುಗಿಯರ ವಿಶ್ವ ಸ್ನೂಕರ್ ಗೆದ್ದಳು. ಚಿತ್ರಾ ಕಾಲು ನೋಯಿಸಿಕೊಂಡ ಮೇಲೆ ಬಂದ ಆಟಕ್ಕೆ, ಉಮಾದೇವಿ ಬೇರೆ ಟೇಬಲ್ ಖಾಲಿ ಇಲ್ಲ ಅಂತ ಬಂದ ಆಟಕ್ಕೆ, ಈ ಹುಡುಗಿ ಚಿಕ್ಕವಳಾಗಿದ್ದಾಗಲೇ ಬಂದಳು. ವ್ಯತ್ಯಾಸ ಅಷ್ಟೇ, ಮತ್ತು ಅದು ಬಹಳ ದೊಡ್ಡ ವ್ಯತ್ಯಾಸ. ಮೊದಲಿನವರು ಎಡವಿ ಬಂದು ತೆರೆದ ಬಾಗಿಲಲ್ಲಿ ಇವಳು ನೇರವಾಗಿ ಒಳಗೆ ನಡೆದಳು.

2025ರ ನವೆಂಬರ್‌ನಲ್ಲಿ ದೋಹಾದಲ್ಲಿ ಚೆನ್ನೈನ ಅನುಪಮಾ ರಾಮಚಂದ್ರನ್ ಐಬಿಎಸ್‌ಎಫ್ ಮಹಿಳಾ ವಿಶ್ವ ಸ್ನೂಕರ್ ಗೆದ್ದರು. ಭಾರತದ ಹೆಣ್ಣುಮಗಳೊಬ್ಬಳು ಆ ಪ್ರಶಸ್ತಿ ಗೆದ್ದದ್ದು ಇದೇ ಮೊದಲು. ಫೈನಲ್‌ನಲ್ಲಿ ಎದುರಾಳಿ ಯಾರು ಗೊತ್ತಾ? ಅದೇ ಎನ್‌ಜಿ ಆನ್-ಯೀ. ಎಂಟು ವರ್ಷದ ಹಿಂದೆ ವಿದ್ಯಾ ಯಾರ ಕೈಯಲ್ಲಿ ಒಂದು ಫ್ರೇಮಿನಿಂದ ಸೋತಿದ್ದರೋ ಅವರೇ. ಈ ಸಲ ಅಂತರ 3-2. ಅದೂ ಒಂದೇ ಫ್ರೇಮ್, ಆದರೆ ನಮ್ಮ ಕಡೆಗೆ.

ನಾಳೆ ಸಂಜೆ ನಿಮ್ಮ ಪ್ಯಾಂಟ್ರಿ ಪಕ್ಕದ ಟೇಬಲ್ ಹತ್ತಿರ ಹೋದಾಗ ಒಂದು ಕೆಲಸ ಮಾಡಿ. ದೂರದಲ್ಲಿ ಕಾಫಿ ಕಪ್ ಹಿಡಿದು ನೋಡ್ತಾ ನಿಂತಿರೋ ಹುಡುಗಿಯನ್ನು ಕರೆದು ಕ್ಯೂ ಕೊಡಿ. ಮೊದಲ ಹತ್ತು ಹೊಡೆತ ತಪ್ಪುತ್ತೆ, ತಪ್ಪಲಿ. ಬಟ್ಟೆ ಹರಿದರೆ ಕಂಪನಿ ಹಾಕಿಸಿಕೊಡುತ್ತೆ.

ಇವತ್ತಿಗೆ ಇಷ್ಟು.